ಬಿಸಿನೀರಿನ ಕುಂಡ: ಮೈಗೆ ಆಗುತ್ತೆ, ಹೊಟ್ಟೆಗೆ ಆಗುತ್ತಾ?

ಪ್ರಶ್ನೆ: ನಾವು ಪುತ್ತೂರು ಕಡೆಯವರು. ಇಪ್ಪತ್ತು ವರ್ಷದಿಂದ ಡೊಂಬಿವಲಿಯಲ್ಲಿ ಇದ್ದೇವೆ. ಅಪ್ಪನಿಗೆ ಈಗ 71. ಎರಡೂ ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ್ದಾರೆ. ಬಿಪಿಗೆ ಮಾತ್ರೆ, ಶುಗರ್‌ಗೆ ಇನ್ಸುಲಿನ್ ನಡೆಯುತ್ತಿದೆ. ಅಪ್ಪ ನಿತ್ಯಾನಂದ ಸ್ವಾಮಿಗಳ ಭಕ್ತರು. ಹಾಗಾಗಿ ತಿಂಗಳಿಗೊಮ್ಮೆ ಗಣೇಶಪುರಿಗೆ ಹೋಗುತ್ತೇವೆ. ಆ ಕಡೆಯ ಒಂದು ಬಿಸಿನೀರಿನ ಕುಂಡದಲ್ಲಿ ಅಪ್ಪ ಅರ್ಧ ಗಂಟೆ ಕೂರುತ್ತಾರೆ. ಆಮೇಲೆ ಎರಡು ದಿನ ನೋವು ಕಡಿಮೆ ಇರುತ್ತದೆ. ಇದರಿಂದ ಧೈರ್ಯ ಬಂದು, ಈಗ ನಾಲ್ಕೈದು ತಿಂಗಳಿಂದ ಅದೇ ನೀರನ್ನು ಕ್ಯಾನಿನಲ್ಲಿ ತುಂಬಿಸಿ ತಂದು ದಿನಾ ಬೆಳಿಗ್ಗೆ ಎರಡು ಲೋಟ ಕುಡಿಯುತ್ತಿದ್ದಾರೆ. "ಹೊಟ್ಟೆ ಚೆನ್ನಾಗಿ ಸ್ವಚ್ಛ ಆಗುತ್ತೆ, ಗಂಧಕದ ನೀರು ರಕ್ತ ಶುದ್ಧಿ ಮಾಡುತ್ತೆ" ಅನ್ನುತ್ತಾರೆ. ಹಿಮಾಚಲದ ಮಣಿಕರಣದಲ್ಲಿ ಬುಗ್ಗೆ ನೀರಲ್ಲೇ ಅನ್ನ ಬೇಯಿಸಿ ತಿನ್ನುತ್ತಾರಲ್ಲ ಎಂದು ವಾದ ಬೇರೆ. ನಾನು ನೀರಿನಲ್ಲಿ ಕರಗಿರುವ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿದೆ. ಸಾವಿರದ ಹತ್ತಿರ ತೋರಿಸಿತು. ಹೋದ ಸಲ ನನ್ನ ಹೆಂಡತಿಯ ಬೆಳ್ಳಿ ಕಾಲುಂಗುರ ಕಪ್ಪಾಯಿತು, ಅವಳಿಗೆ ಗಾಬರಿ. ಕೆಳಗೆ ಜ್ವಾಲಾಮುಖಿ ಇದೆಯಾ? ಈ ನೀರು ವಿಷವಾ? ಊರಿಗೆ ಹೋದಾಗ ಅಲ್ಲಿನ ಬಿಸಿನೀರಿನ ಬುಗ್ಗೆ ಬೆಂದ್ರು ತೀರ್ಥಕ್ಕೆ ಕರೆದುಕೊಂಡು ಹೋದರೆ ವಾಸಿಯಾ? ಐದು ವರ್ಷದ ಮಗನನ್ನೂ ನೀರಿಗೆ ಇಳಿಸಬಹುದಾ?

ಉತ್ತರ: ನೀವು ಹೆದರಿರುವುದು ಗಂಧಕಕ್ಕೆ ಮತ್ತು ಜ್ವಾಲಾಮುಖಿಗೆ. ಅವೆರಡರ ಬಗ್ಗೆ ನೀವು ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ನನಗೆ ಚಿಂತೆ ಇರುವುದು ಬೆಳಗಿನ ಆ ಎರಡು ಲೋಟದ ಬಗ್ಗೆ. ಅದನ್ನು ಇವತ್ತೇ ನಿಲ್ಲಿಸಿ. ಕುಂಡದ ಸ್ನಾನವನ್ನು ನಿಲ್ಲಿಸಬೇಕಿಲ್ಲ, ಆದರೆ ಕೂರುವ ರೀತಿ ಬದಲಾಗಬೇಕು. ನನ್ನ ಕೆಲಸ ಅಂತರ್ಜಲದ ರಸಾಯನ. ಹಾಗಾಗಿ ನೀರಿನ ವಿಷಯ ವಿವರವಾಗಿ ಹೇಳುತ್ತೇನೆ. ಮೈಗೆ ಸಂಬಂಧಿಸಿದ್ದನ್ನು ಅಪ್ಪನ ಡಾಕ್ಟರ ಹತ್ತಿರ ಇನ್ನೊಮ್ಮೆ ಕೇಳಿಕೊಳ್ಳಿ.

ಮೊದಲು ಜ್ವಾಲಾಮುಖಿ. ಠಾಣೆ ಕಡೆಯ ಕಪ್ಪು ಬಂಡೆ ಲಾವಾ ಹರಿದು ಆದದ್ದು ನಿಜ. ಆದರೆ ಅದು ಸುಮಾರು 6.6 ಕೋಟಿ ವರ್ಷದ ಹಿಂದಿನ ಮಾತು. ಆ ಬಿಸಿ ಯಾವತ್ತೋ ಆರಿಹೋಗಿದೆ. ಭಾರತದಲ್ಲಿ ಈಗ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ ಮಾತ್ರ. ಗಣೇಶಪುರಿ, ಅಕ್ಲೋಲಿ, ವಜ್ರೇಶ್ವರಿ ಕುಂಡಗಳಿಗೆ ಬರುವುದು ಮಳೆ ನೀರೇ. ಅದು ಬಂಡೆಯ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಭೂಮಿ ಒಳಗೆ ಹೋದಷ್ಟೂ ಬಿಸಿ ಏರುತ್ತದೆ, ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್. ಹಾಗಾದರೆ ಮೇಲೆ 50 ಡಿಗ್ರಿಯಲ್ಲಿ ಚಿಮ್ಮುವ ನೀರು ಕಡಿಮೆ ಅಂದರೂ ಒಂದು ಕಿಲೋಮೀಟರ್ ಆಳ ಮುಟ್ಟಿ ಬಂದಿರಬೇಕು. ಬರುವ ದಾರಿಯಲ್ಲಿ ಸ್ವಲ್ಪ ತಣ್ಣಗಾಗುವುದರಿಂದ ನಿಜವಾದ ಆಳ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಇಳಿಯುವುದು ನಿಧಾನ, ಏರುವುದು ಬೇಗ. ದೊಡ್ಡ ಬಿರುಕು ಸಿಕ್ಕಿದ ಕಡೆ ಆರುವ ಮೊದಲೇ ಮೇಲೆ ಬಂದುಬಿಡುತ್ತದೆ. ಕೊಂಕಣ ಕರಾವಳಿಯಲ್ಲಿ ಪಾಲ್ಘರ್ ಕಡೆಯಿಂದ ರತ್ನಗಿರಿಯ ರಾಜಾಪುರದವರೆಗೆ ಇಂಥ ಬುಗ್ಗೆಗಳು ಒಂದೇ ಸಾಲಿನಲ್ಲಿ ಇರುವುದು ಇದೇ ಕಾರಣಕ್ಕೆ. ನೆಲ ಸೀಳಿರುವ ದಿಕ್ಕೂ ಅದೇ. ಕೆಲವು ಬುಗ್ಗೆ ಉಗುರುಬೆಚ್ಚಗೆ ಇವೆ, ಕೆಲವು 70 ಡಿಗ್ರಿಯ ಹತ್ತಿರ ಇವೆ.

ಇನ್ನು ವಾಸನೆ. ಜನ ಅದನ್ನು ಗಂಧಕ ಅನ್ನುತ್ತಾರೆ. ಆದರೆ ಹಳದಿ ಗಂಧಕ ನೀರಿನಲ್ಲಿ ಹೆಚ್ಚುಕಮ್ಮಿ ಕರಗುವುದೇ ಇಲ್ಲ. ನಿಮ್ಮ ಮೂಗಿಗೆ ಬರುವ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲದ್ದು. ಆಳದಲ್ಲಿ ಗಾಳಿ ಸೋಕದ ಕಡೆ, ನೀರಿನಲ್ಲಿರುವ ಸಲ್ಫೇಟನ್ನು ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಹೀಗೆ ಅನಿಲವಾಗಿ ಬದಲಾಯಿಸುತ್ತವೆ. ಬಂಡೆಯೊಳಗಿನ ಸಲ್ಫೈಡ್ ಖನಿಜಗಳಿಂದಲೂ ಬರಬಹುದು. ಮನುಷ್ಯನ ಮೂಗು ಈ ವಾಸನೆಗೆ ತುಂಬ ಸೂಕ್ಷ್ಮ. ಗಾಳಿಯಲ್ಲಿ ಹತ್ತು ಕೋಟಿ ಪಾಲಿಗೆ ಒಂದು ಪಾಲು ಇದ್ದರೂ ಹಿಡಿದುಬಿಡುತ್ತದೆ. ಹಾಗಾಗಿ ವಾಸನೆ ಬಂತು ಅಂದರೆ ನೀರಿನ ತುಂಬ ಗಂಧಕ ಇದೆ ಎಂದು ಅರ್ಥ ಅಲ್ಲ.

ಕಾಲುಂಗುರ ಕಪ್ಪಾದದ್ದೂ ಇದರಿಂದಲೇ. ಬೆಳ್ಳಿಯ ಮೇಲ್ಮೈ ಸಲ್ಫೈಡ್ ಜೊತೆ ಸೇರಿ ಬೆಳ್ಳಿ ಸಲ್ಫೈಡ್ ಎಂಬ ಕಪ್ಪು ಪೊರೆ ಆಗಿದೆ. ಒಂದು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿ ನೀರು ಸುರಿದು, ಎರಡು ಚಮಚ ಅಡುಗೆ ಸೋಡಾ ಹಾಕಿ, ಕಾಲುಂಗುರ ಫಾಯಿಲ್‌ಗೆ ತಾಗುವಂತೆ ಇಡಿ. ಕೆಲವೇ ನಿಮಿಷದಲ್ಲಿ ಕಪ್ಪು ಬಿಡುತ್ತದೆ. ಮೈಮೇಲೆ ಇಂಥ ಯಾವ ಪೊರೆಯೂ ಆಗುವುದಿಲ್ಲ. ನಿಮ್ಮ ಹೆಂಡತಿಗೆ ಧೈರ್ಯ ಹೇಳಿ.

ಆದರೆ ಈ ಅನಿಲದ ಬಗ್ಗೆ ಒಂದು ಎಚ್ಚರಿಕೆ ಬೇಕು. ಇದು ಗಾಳಿಗಿಂತ ಭಾರ. ಬಯಲಿನ ಕುಂಡದಲ್ಲಿ ಗಾಳಿಗೆ ಚದುರಿ ಹೋಗುತ್ತದೆ. ಬುಗ್ಗೆಯ ಮೇಲೆ ಗೋಡೆ ಕಟ್ಟಿ, ಮೇಲೆ ಸ್ಲ್ಯಾಬ್ ಹಾಕಿ, ಕಿಟಕಿ ಇಲ್ಲದ ಕೋಣೆ ಮಾಡಿದ್ದರೆ ತಗ್ಗಿನಲ್ಲಿ ನಿಲ್ಲುತ್ತದೆ. ಪ್ರಮಾಣ ಏರಿದರೆ ಮೂಗು ಸೋತು ವಾಸನೆ ಗೊತ್ತಾಗುವುದೇ ನಿಂತುಹೋಗುತ್ತದೆ. ಅದೇ ಅಪಾಯದ ಘಟ್ಟ. ಒಳಗೆ ಹೋದಾಗ ಗಬ್ಬು ವಾಸನೆ ಇತ್ತು, ಈಗ ಇಲ್ಲ, ಜೊತೆಗೆ ಕಣ್ಣು ಉರಿ, ತಲೆನೋವು ಅನ್ನಿಸಿದರೆ ಕೂಡಲೇ ಹೊರಗೆ ಬನ್ನಿ. ಮುಚ್ಚಿದ ಕೋಣೆಯ ಕುಂಡಕ್ಕೆ ಅಪ್ಪನನ್ನು ಇಳಿಸಲೇಬೇಡಿ.

ಮನೆಗೆ ತಂದ ಕ್ಯಾನಿನಲ್ಲಿ ಈ ಅನಿಲ ಎಷ್ಟು ಉಳಿದಿರುತ್ತದೆ? ಅಲ್ಲಿಂದ ಡೊಂಬಿವಲಿ ತಲುಪಿ ಒಂದೆರಡು ದಿನ ಇಟ್ಟು ಮುಚ್ಚಳ ತೆಗೆದು ಮುಚ್ಚಿ ಮಾಡುವ ಹೊತ್ತಿಗೆ ಬಹುಪಾಲು ಹಾರಿ ಹೋಗಿರುತ್ತದೆ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಬೇರೆ ರೂಪಕ್ಕೆ ಹೋಗುತ್ತದೆ. ಅಪ್ಪ ಯಾವ ಗಂಧಕಕ್ಕಾಗಿ ಆ ನೀರು ಕುಡಿಯುತ್ತಿದ್ದಾರೋ ಅದು ಆ ಲೋಟದಲ್ಲಿ ಇಲ್ಲ. ಉಳಿದಿರುವುದು ಉಪ್ಪುಗಳು. ಆ ಉಪ್ಪುಗಳ ಲೆಕ್ಕವನ್ನೇ ಈಗ ನೋಡಬೇಕಾಗಿರುವುದು.

ಬಿಸಿ ನೀರು ಬಂಡೆಯನ್ನು ತಣ್ಣೀರಿಗಿಂತ ಜೋರಾಗಿ ಕರಗಿಸುತ್ತದೆ, ಅದೂ ವರ್ಷಗಟ್ಟಲೆ ಬಂಡೆಯ ಜೊತೆ ಇದ್ದುಕೊಂಡು. ಹಾಗಾಗಿ ಬುಗ್ಗೆ ನೀರಿನಲ್ಲಿ ಸಿಲಿಕಾ, ಸೋಡಿಯಂ, ಕ್ಲೋರೈಡ್, ಸಲ್ಫೇಟ್ ಮಾಮೂಲಿ ಬಾವಿ ನೀರಿಗಿಂತ ಜಾಸ್ತಿ ಇರುತ್ತವೆ. ಎಷ್ಟು ಸಿಲಿಕಾ ಕರಗಿದೆ ಎಂದು ಅಳೆದು, ಆಳದಲ್ಲಿ ನೀರು ಎಷ್ಟು ಬಿಸಿ ಇತ್ತು ಎಂದು ನಾವು ಅಂದಾಜು ಮಾಡುತ್ತೇವೆ. ಆಳದ ಬಂಡೆಯ ಸುದ್ದಿ ತಿಳಿಯಲು ಇದು ಒಳ್ಳೆಯ ದಾರಿ. ಆದರೆ ಕುಡಿಯುವವರಿಗೆ ಸಿಲಿಕಾದಿಂದ ತೊಂದರೆ ಇಲ್ಲ. ತೊಂದರೆ ಇರುವುದು ಫ್ಲೋರೈಡಿನಲ್ಲಿ.

ಫ್ಲೋರೈಡ್ ಕರ್ನಾಟಕದವರಿಗೆ ಹೊಸದಲ್ಲ. ಪಾವಗಡದಂಥ ಬಯಲುಸೀಮೆಯ ಊರುಗಳಲ್ಲಿ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದು ಬಣ್ಣಕ್ಕೆ ತಿರುಗಿದವರನ್ನು, ಬೆನ್ನು ಬಾಗಿದವರನ್ನು ನೀವು ನೋಡಿರಬಹುದು. ಗ್ರಾನೈಟ್, ನೈಸ್ (ಪಟ್ಟೆ ಪಟ್ಟೆಯಾಗಿ ಕಾಣುವ ಗಟ್ಟಿ ಕಲ್ಲು) ಜಾತಿಯ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳು ಇರುತ್ತವೆ. ನೀರು ಬಿಸಿಯಾಗಿದ್ದು, ಕ್ಷಾರದ ಕಡೆ ಇದ್ದು, ಸೋಡಿಯಂ ಜಾಸ್ತಿ ಮತ್ತು ಕ್ಯಾಲ್ಸಿಯಂ ಕಡಿಮೆ ಇದ್ದರೆ ಫ್ಲೋರೈಡ್ ಏರುತ್ತದೆ. ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ, ಇಲ್ಲದಿದ್ದರೆ ತಡೆಯುವವರು ಇಲ್ಲ. ಬಹಳಷ್ಟು ಬಿಸಿ ಬುಗ್ಗೆಗಳ ನೀರಿನ ಗುಣ ಹೀಗೇ ಇರುತ್ತದೆ. ಪಶ್ಚಿಮ ಬಂಗಾಳದ ಬಕ್ರೇಶ್ವರದ ಪ್ರಸಿದ್ಧ ಬುಗ್ಗೆಗಳಲ್ಲಿ ಫ್ಲೋರೈಡ್ ಕುಡಿಯುವ ನೀರಿನ ಮಿತಿಗಿಂತ ಹಲವು ಪಟ್ಟು ಹೆಚ್ಚು.

ಆ ಮಿತಿ ಎಷ್ಟು? ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 1.5. ಲೆಕ್ಕಕ್ಕಾಗಿ, ಒಂದು ಬುಗ್ಗೆಯಲ್ಲಿ ಲೀಟರಿಗೆ 4 ಮಿಲಿಗ್ರಾಂ ಇದೆ ಅಂದುಕೊಳ್ಳಿ. ದಿನಕ್ಕೆ ಎರಡು ಲೋಟ, ಅಂದರೆ ಅರ್ಧ ಲೀಟರ್ ಕುಡಿದರೆ 2 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಅದರ ಮೇಲೆ ಮನೆಯ ನೀರಿನಲ್ಲಿ ಇರುವುದು, ಚಹಾ ಪುಡಿಯಿಂದ ಬರುವುದು ಬೇರೆ. ಮೂತ್ರಪಿಂಡ ಸರಿ ಇದ್ದವರಲ್ಲಿ ಸುಮಾರು ಅರ್ಧದಷ್ಟು ಹೊರಗೆ ಹೋಗುತ್ತದೆ. ಉಳಿದದ್ದು ಮೂಳೆಗೆ ಸೇರುತ್ತದೆ. ಹಲವು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಮೂತ್ರಪಿಂಡ ಸೋತಿದ್ದರೆ ಹೊರಗೆ ಹೋಗುವುದು ಇನ್ನೂ ಕಡಿಮೆ, ಒಳಗೆ ಉಳಿಯುವುದು ಇನ್ನೂ ಜಾಸ್ತಿ.

ಹೀಗೆ ವರ್ಷಗಟ್ಟಲೆ ಮೂಳೆಗೆ ಫ್ಲೋರೈಡ್ ಸೇರಿದರೆ ಮೊದಲು ಕಾಣಿಸುವುದು ಏನು ಗೊತ್ತಾ? ಕೀಲು ನೋವು, ಬೆಳಿಗ್ಗೆ ಎದ್ದಾಗ ಬೆನ್ನು ಮತ್ತು ಮಂಡಿ ಬಿಗಿಯಾಗುವುದು. ಅಪ್ಪ ಯಾವ ನೋವಿಗೆ ಔಷಧಿ ಎಂದು ಆ ನೀರು ಕುಡಿಯುತ್ತಿದ್ದಾರೋ ಅದೇ ನೋವು. ನೋವು ಹೆಚ್ಚಾದರೆ ನೀರು ಸಾಲದು ಎಂದು ಮೂರನೇ ಲೋಟ ಶುರು ಮಾಡುವವರನ್ನು ನಾನು ಕಂಡಿದ್ದೇನೆ. ನನಗೆ ಹೆದರಿಕೆ ಇರುವುದು ಇಲ್ಲಿ. ನಾಲ್ಕೈದು ತಿಂಗಳಲ್ಲಿ ದೊಡ್ಡ ಅನಾಹುತ ಆಗಿರುವುದಿಲ್ಲ, ಗಾಬರಿ ಬೇಡ. ಆದರೆ ಮುಂದಿನ ಸಲ ರಕ್ತ ಪರೀಕ್ಷೆಗೆ ಹೋದಾಗ ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಕೂಡ ಮಾಡಿಸಿ, ಇಂಥ ನೀರು ಕುಡಿಯುತ್ತಿದ್ದರು ಎಂದು ಡಾಕ್ಟರಿಗೆ ಹೇಳಿ.

ಹೊಟ್ಟೆ ಸ್ವಚ್ಛ ಆಗುತ್ತದೆ ಎಂಬುದು ನಿಜ ಇರಬಹುದು. ಸೋಡಿಯಂ ಅಥವಾ ಮೆಗ್ನೀಸಿಯಂ ಜೊತೆ ಸಲ್ಫೇಟ್ ಜಾಸ್ತಿ ಇರುವ ನೀರು ಭೇದಿ ಔಷಧಿಯ ಹಾಗೆ ಕೆಲಸ ಮಾಡುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟೇ. ರಕ್ತ ಶುದ್ಧಿಗೂ ಇದಕ್ಕೂ ಸಂಬಂಧ ಇಲ್ಲ. ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. ಹತ್ತಾರು ಜನ ಇಳಿದು ಮೀಯುವ ಕುಂಡದಿಂದ ತುಂಬಿದ ನೀರಾದರೆ ಅದರಲ್ಲಿ ಮಲದ ಬ್ಯಾಕ್ಟೀರಿಯಾ ಇರುವುದು ಸಹಜ. ಹೊಟ್ಟೆ ಸಡಿಲ ಆಗಲು ಅದೂ ಕಾರಣ ಇರಬಹುದು. ವಯಸ್ಸಾದವರಲ್ಲಿ, ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ದಿನಾ ಭೇದಿ ಆಗುವುದು ಒಳ್ಳೆಯದಲ್ಲ, ನೀರಿನಂಶ ಕಡಿಮೆಯಾಗಿ ತಲೆ ಸುತ್ತುತ್ತದೆ.

ನಿಮ್ಮ ಟಿಡಿಎಸ್ ಮೀಟರ್ ಬಗ್ಗೆ. ಆ ಪೆನ್ನು ಅಳೆಯುವುದು ನೀರಿನಲ್ಲಿ ಕರೆಂಟು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಒಟ್ಟು ಉಪ್ಪು ಎಷ್ಟು ಎಂದು ಅಂದಾಜು ತೋರಿಸುತ್ತದೆ, ಅಷ್ಟೇ. ಸಾವಿರ ಅಂದರೆ ಕುಡಿಯುವ ನೀರಿಗೆ ಒಪ್ಪುವ 500ಕ್ಕಿಂತ ಜಾಸ್ತಿ, ಬೇರೆ ದಾರಿ ಇಲ್ಲದಾಗ ನಡೆಯುವ 2000ಕ್ಕಿಂತ ಕಡಿಮೆ. ಹಾಗಾಗಿ "ಪರವಾಗಿಲ್ಲ" ಅನ್ನಿಸಿಬಿಡುತ್ತದೆ. ಆದರೆ ಆ ಸಾವಿರದಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇದೆಯಾ, ಐದು ಇದೆಯಾ ಎಂದು ಮೀಟರಿಗೆ ಗೊತ್ತಾಗುವುದಿಲ್ಲ. ಆರ್ಸೆನಿಕ್ ಕೂಡ ಹಾಗೇ. ಕೆಲವು ಬಿಸಿ ಬುಗ್ಗೆಗಳಲ್ಲಿ ಆರ್ಸೆನಿಕ್ ಇರುತ್ತದೆ, ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಸಾವಿರದ ಲೆಕ್ಕದಲ್ಲಿ ಅದು ಎಲ್ಲಿ ಕಾಣಬೇಕು? ಕುದಿಸಿದರೂ ಪ್ರಯೋಜನ ಇಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಯಂತ್ರಕ್ಕೆ ಹಾಕಿದರೆ ಫ್ಲೋರೈಡ್ ಬಹುಪಾಲು ಹೋಗುತ್ತದೆ, ಅದರ ಜೊತೆಗೆ ಉಳಿದ ಉಪ್ಪೂ ಹೋಗುತ್ತದೆ. ಆಮೇಲೆ ಅದಕ್ಕೂ ನಲ್ಲಿ ನೀರಿಗೂ ವ್ಯತ್ಯಾಸ ಏನು ಉಳಿಯಿತು?

ಮಣಿಕರಣದ ವಾದಕ್ಕೆ ಉತ್ತರ ಸುಲಭ. ಅಲ್ಲಿ ಪಾರ್ವತಿ ನದಿಯ ದಡದಲ್ಲಿ 90 ಡಿಗ್ರಿ ದಾಟಿದ ಬುಗ್ಗೆಗಳಿವೆ. ಬಟ್ಟೆಯಲ್ಲಿ ಕಟ್ಟಿದ ಅಕ್ಕಿ ಅದರಲ್ಲಿ ಬೇಯುತ್ತದೆ, ಗುರುದ್ವಾರದ ಲಂಗರಿನಲ್ಲಿ ಯಾತ್ರಿಕರು ಉಣ್ಣುತ್ತಾರೆ. ಅದು ಒಂದೆರಡು ಹೊತ್ತಿನ ಊಟ. ಫ್ಲೋರೈಡ್ ಒಂದು ಊಟದಲ್ಲಿ ಕೆಡುಕು ಮಾಡುವ ವಸ್ತುವಲ್ಲ, ದಿನಾ ಸೇರಿ ಸೇರಿ ಮಾಡುವ ವಸ್ತು. ನಿಮ್ಮ ಅಪ್ಪನದ್ದು ದಿನದ ರೂಢಿ.

ತೀರ್ಥ ಎಂಬ ಭಾವನೆ ಇದೆಯಲ್ಲ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಒಂದು ಉದ್ಧರಣೆಯಲ್ಲಿ ಬರುವ ನೀರಿನಲ್ಲಿ ಫ್ಲೋರೈಡ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮೀಯುವ ಕುಂಡದ ನೀರು ಬಾಯಿಗೆ ಬೇಡ. ಸ್ವಲ್ಪ ನೀರು ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು ಎಂದು ಹೇಳಿ ನೋಡಿ. ಹಿರಿಯರು "ನಿಲ್ಲಿಸಿ" ಅಂದರೆ ಕೇಳದಿದ್ದರೂ "ಹೀಗೆ ಮಾಡಿ" ಅಂದರೆ ಕೇಳುತ್ತಾರೆ.

ಈಗ ಮಂಡಿ ನೋವಿಗೆ ಸ್ನಾನ. ಅಪ್ಪನಿಗೆ ಹಿತ ಅನ್ನಿಸುವುದು ಸುಳ್ಳಲ್ಲ. ಬಿಸಿಗೆ ರಕ್ತನಾಳ ಹಿಗ್ಗುತ್ತದೆ, ಬಿಗಿದ ಸ್ನಾಯು ಸಡಿಲ ಆಗುತ್ತದೆ, ನೋವಿನ ಅರಿವು ತಗ್ಗುತ್ತದೆ. ಜೊತೆಗೆ ನೀರು ಮೈಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಸೊಂಟದವರೆಗಿನ ನೀರಿನಲ್ಲಿ ನಿಂತರೆ ಮಂಡಿಯ ಮೇಲಿನ ಭಾರ ಹೆಚ್ಚುಕಮ್ಮಿ ಅರ್ಧ ಆಗುತ್ತದೆ, ಕುತ್ತಿಗೆವರೆಗೆ ಇದ್ದರೆ ಹತ್ತರಲ್ಲಿ ಒಂದು ಪಾಲಿನಷ್ಟು ಉಳಿಯುತ್ತದೆ. ಮಂಡಿ ಸವೆತಕ್ಕೆ ಖನಿಜ ನೀರಿನ ಸ್ನಾನದ ಮೇಲೆ ಹಲವು ದೇಶಗಳಲ್ಲಿ ಅಧ್ಯಯನ ಆಗಿದೆ. ನೋವು ಸ್ವಲ್ಪ ಕಾಲ ತಗ್ಗುತ್ತದೆ ಎಂದು ಅವು ತೋರಿಸುತ್ತವೆ. ಆದರೆ ಅವುಗಳಲ್ಲಿ ಅನೇಕವು ಚಿಕ್ಕವು, ಪುರಾವೆ ಗಟ್ಟಿಯಾಗಿಲ್ಲ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಚರ್ಮದ ಮೂಲಕ ಉಪ್ಪುಗಳು ಕೀಲಿನವರೆಗೆ ಇಳಿಯುವುದೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆ ಎರಡು ದಿನದ ಆರಾಮದಲ್ಲಿ ಹೆಚ್ಚಿನ ಪಾಲು ಬಿಸಿಯದ್ದು, ಖನಿಜದ್ದಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಬಿಸಿಯಿಂದಲೇ ಅಪಾಯ ಇದೆ. ಕಾಲಿನ ನರ ಮಂದವಾಗಿದ್ದರೆ ನೀರು ಸುಡುತ್ತಿದೆ ಎಂದು ಗೊತ್ತೇ ಆಗುವುದಿಲ್ಲ. 60 ಡಿಗ್ರಿ ನೀರಿನಲ್ಲಿ ಆಳವಾದ ಸುಟ್ಟಗಾಯ ಆಗಲು ಐದಾರು ಸೆಕೆಂಡು ಸಾಕು. 50 ಡಿಗ್ರಿಯಲ್ಲಿ ಕೆಲವು ನಿಮಿಷ. ನೀವು ಹೋಗುವ ಭಾಗದಲ್ಲಿ ಪಕ್ಕಪಕ್ಕದ ಕುಂಡಗಳಲ್ಲೇ ಬಿಸಿ ಬೇರೆ ಬೇರೆ ಇರುತ್ತದೆ, ಕೆಲವಕ್ಕೆ ಕಾಲಿಡಲೂ ಆಗುವುದಿಲ್ಲ. ಹಾಗಾಗಿ ಅಪ್ಪ ಪಾದ ಇಟ್ಟು ನೋಡುವುದು ಬೇಡ. ನೀವು ಮೊಣಕೈ ಅದ್ದಿ ನೋಡಿ. ಇನ್ನೂ ಒಳ್ಳೆಯದು, ಒಂದು ಅಡುಗೆ ಥರ್ಮಾಮೀಟರ್ ತೆಗೆದುಕೊಂಡು ಹೋಗಿ. 40 ಡಿಗ್ರಿ ದಾಟಿದ ಕುಂಡ ಅಪ್ಪನಿಗೆ ಬೇಡ. ಪಾದದಲ್ಲಿ ಸಣ್ಣ ಗಾಯ, ಬಿರುಕು, ಬೆರಳ ಸಂದಿಯಲ್ಲಿ ಹುಣ್ಣು ಇದ್ದ ದಿನ ನೀರಿಗೆ ಇಳಿಯುವುದೇ ಬೇಡ.

ಅರ್ಧ ಗಂಟೆ ತುಂಬಾ ಜಾಸ್ತಿ. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಬಿಸಿಗೆ ರಕ್ತನಾಳ ಹಿಗ್ಗಿದಾಗ ಬಿಪಿ ಇಳಿಯುತ್ತದೆ, ಮಾತ್ರೆಯೂ ಅದೇ ಕೆಲಸ ಮಾಡುತ್ತಿರುತ್ತದೆ. ಫಕ್ಕನೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೆಟ್ಟಿಲ ಮೇಲೆ ಆ ವಯಸ್ಸಿನವರು ಬಿದ್ದರೆ ಸೊಂಟದ ಮೂಳೆಗೆ ಅಪಾಯ. ಎದ್ದು ಮೆಟ್ಟಿಲ ಮೇಲೆ ಎರಡು ನಿಮಿಷ ಕೂತು, ಆಮೇಲೆ ನಿಮ್ಮ ಕೈ ಹಿಡಿದು ಹತ್ತಲಿ. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿ ನೀರಿಗೆ ಇಳಿಯಬಾರದು. ಬಿಸಿಗೆ ಅದು ಬೇಗ ರಕ್ತಕ್ಕೆ ಸೇರಿ ಶುಗರ್ ಫಕ್ಕನೆ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲೂ ಬೇಡ. ಕಿಸೆಯಲ್ಲಿ ಸಕ್ಕರೆ ಇಲ್ಲವೇ ಗ್ಲೂಕೋಸ್ ಪುಡಿ, ಮನೆಯಿಂದ ಕುಡಿಯುವ ನೀರು ಇರಲಿ. ಎದೆ ಭಾರ, ಉಸಿರು ಕಷ್ಟ ಅಂದರೆ ಅಲ್ಲಿಗೆ ನಿಲ್ಲಿಸಿ.

ತಿಂಗಳಿಗೊಂದು ಸಲದ ಕುಂಡಕ್ಕಿಂತ ಮನೆಯಲ್ಲಿ ದಿನಾ ಮಾಡುವುದರಿಂದ ಅಪ್ಪನಿಗೆ ಜಾಸ್ತಿ ಲಾಭ. ಊರಿನ ಬಚ್ಚಲಿನಲ್ಲಿ ಹಂಡೆ ನೀರು ಮೈಗೆ ಹುಯ್ದುಕೊಂಡು ಬೆಳೆದವರು ಅವರು. ಗೀಸರ್ ನೀರನ್ನು ಹದ ಮಾಡಿಕೊಂಡು, ಸ್ಟೂಲಿನ ಮೇಲೆ ಕೂತು ಮಂಡಿಗೆ ನಿಧಾನವಾಗಿ ಹುಯ್ದುಕೊಳ್ಳಲಿ. ಮೈ ಬೆಚ್ಚಗೆ ಇರುವಾಗಲೇ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮಾಡಲಿ. ಯಾವುದು ಎಂದು ಫಿಸಿಯೋಥೆರಪಿಯವರು ತೋರಿಸುತ್ತಾರೆ. ಹತ್ತಿರದಲ್ಲಿ ಬೆಚ್ಚನೆಯ ನೀರಿನ ಕೊಳದಲ್ಲಿ ವ್ಯಾಯಾಮ ಮಾಡಿಸುವ ಕೇಂದ್ರ ಇದ್ದರೆ ಇನ್ನೂ ಒಳ್ಳೆಯದು, ಖರ್ಚು ಮಾತ್ರ ಜಾಸ್ತಿ.

ಬೆಂದ್ರು ತೀರ್ಥಕ್ಕೆ ಬರೋಣ. ಪುತ್ತೂರಿನಿಂದ ಪಾಣಾಜೆ ಕಡೆ ಹೋಗುವಾಗ ಇರ್ದೆಯಲ್ಲಿ, ಸೀರೆಹೊಳೆಯ ದಡದಲ್ಲಿದೆ. ಅಲ್ಲಿನ ಬಂಡೆ ಠಾಣೆಯ ಲಾವಾ ಬಂಡೆ ಅಲ್ಲ, ಅದಕ್ಕಿಂತ ಎಷ್ಟೋ ಹಳೆಯ ನೈಸ್ ಬಂಡೆ. ಬಿಸಿ ಮೈಯ ಬಿಸಿಯ ಆಸುಪಾಸು, 37ರಿಂದ 40 ಡಿಗ್ರಿ. ಅಪ್ಪನಂಥವರಿಗೆ ಸುಡುವ ಭಯ ಕಡಿಮೆ. ಆ ದೃಷ್ಟಿಯಿಂದ ನಿಮ್ಮ ಯೋಚನೆ ಸರಿ. ಆದರೆ ಕುಡಿಯುವ ವಿಷಯದಲ್ಲಿ ಅಲ್ಲಿಗೂ ಅದೇ ನಿಯಮ. ನಾನು ಮೇಲೆ ಹೇಳಿದ ಹಾಗೆ ಫ್ಲೋರೈಡಿನ ಅನುಮಾನ ಗ್ರಾನೈಟ್, ನೈಸ್ ಬಂಡೆಯ ಬಿಸಿ ನೀರಿನಲ್ಲೇ ಮೊದಲು ಬರುವುದು. ಪರೀಕ್ಷೆ ಆಗದ ನೀರು ಬಾಯಿಗೆ ಬೇಡ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಇಂಥ ಬುಗ್ಗೆಗಳು ಬಹಳ ಸೂಕ್ಷ್ಮ. ನೀರು ಮೇಲೆ ಬರುವುದು ಬಿರುಕಿನ ಒತ್ತಡದಿಂದ. ಅದೇ ಬಿರುಕಿಗೆ ಹತ್ತಿರದಲ್ಲಿ ಬೋರ್‌ವೆಲ್ ಕೊರೆದು ತೋಟಕ್ಕೆ ನೀರು ಎತ್ತಿದರೆ ಒತ್ತಡ ಇಳಿಯುತ್ತದೆ, ಬುಗ್ಗೆ ಸೊರಗುತ್ತದೆ. ಮಳೆಗಾಲದಲ್ಲಿ ಮೇಲಿನ ತಣ್ಣೀರು ಬೆರೆತು ಬಿಸಿ ಕಡಿಮೆಯಾಗುವುದು ಸಹಜ. ಬೇಸಿಗೆಯಲ್ಲೂ ತಣ್ಣಗಾದರೆ, ಬತ್ತಿದರೆ ಮಾತ್ರ ಯೋಚಿಸಬೇಕು. ಬಿಸಿನೀರಿನ ಬುಗ್ಗೆ ನಮ್ಮ ರಾಜ್ಯದಲ್ಲಿ ಬಲು ಅಪರೂಪ. ಸುತ್ತಲಿನ ತೋಟದವರು, ಪಂಚಾಯಿತಿ, ಭೂವಿಜ್ಞಾನ ಇಲಾಖೆ ಕೂತು ಮಾತಾಡಿ ಅದರ ಹತ್ತಿರ ಹೊಸ ಬೋರ್‌ವೆಲ್ ಕೊರೆಯದಂತೆ ನೋಡಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೀವು ಹೋದಾಗ ಸೋಪು, ಶಾಂಪೂ ಹಚ್ಚಬೇಡಿ. ಅಷ್ಟಾದರೂ ನಮ್ಮ ಕೈಯಲ್ಲಿದೆ.

ನೀರು ಪರೀಕ್ಷೆ ಮಾಡಿಸುವುದಾದರೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಫ್ಲೋರೈಡ್, ಆರ್ಸೆನಿಕ್, ಸೋಡಿಯಂ, ಕ್ಲೋರೈಡ್, ಸಲ್ಫೇಟ್, ಗಡಸುತನ, ಇ. ಕೋಲಿ, ಇಷ್ಟನ್ನು ಹೆಸರು ಹೇಳಿ ಕೇಳಿ. ಸುಮ್ನೆ "ನೀರು ಟೆಸ್ಟ್ ಮಾಡಿ" ಅಂದರೆ ಟಿಡಿಎಸ್, ಪಿಎಚ್ ಅಷ್ಟೇ ಮಾಡಿ ಕೊಡುವುದುಂಟು. ಜನ ಮೀಯುವ ಕಡೆ ಅಲ್ಲ, ನೀರು ಚಿಮ್ಮುವ ಬಾಯಿಯಲ್ಲೇ ತುಂಬಿಸಿ. ಫ್ಲೋರೈಡಿಗೆ ಪ್ಲಾಸ್ಟಿಕ್ ಬಾಟಲಿ ಬೇಕು. ಬ್ಯಾಕ್ಟೀರಿಯಾಕ್ಕೆ ಲ್ಯಾಬಿನವರೇ ಕೊಡುವ ಶುದ್ಧ ಮಾಡಿದ ಬಾಟಲಿ, ಐಸಿನಲ್ಲಿಟ್ಟು ಅದೇ ದಿನ ತಲುಪಿಸಬೇಕು. ಬಿಸಿ ಮತ್ತು ಪಿಎಚ್ ಸ್ಥಳದಲ್ಲೇ ಅಳೆದರೆ ಮಾತ್ರ ಸರಿ, ಲ್ಯಾಬಿಗೆ ಬರುವ ಹೊತ್ತಿಗೆ ಎರಡೂ ಬದಲಾಗಿರುತ್ತವೆ.

ಕೊನೆಗೆ ಮಗನ ವಿಷಯ. ಐದು ವರ್ಷದ ಮಗುವನ್ನು ಕುಂಡಕ್ಕೆ ಇಳಿಸಬೇಡಿ. ಚಿಕ್ಕ ಮೈ ಬೇಗ ಕಾಯುತ್ತದೆ, ಚರ್ಮ ತೆಳು, ಬೇಗ ಸುಡುತ್ತದೆ. ಎಲ್ಲರೂ ಮೀಯುವ ನೀರಿನಿಂದ, ಒಬ್ಬರ ಟವೆಲ್ ಇನ್ನೊಬ್ಬರು ಬಳಸುವುದರಿಂದ ಹುಳುಕಡ್ಡಿ, ಕಜ್ಜಿ ಹರಡುವುದೂ ಇದೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಮಿದುಳು ತಿನ್ನುವ ಅಮೀಬಾ ಎಂದು ಕೇರಳದಿಂದ 2024 ಮತ್ತು 2025ರಲ್ಲಿ ಸುದ್ದಿ ಬಂತಲ್ವಾ, ಆ ನೇಗ್ಲೇರಿಯಾ ಬೆಚ್ಚನೆಯ ಸಿಹಿನೀರಿನಲ್ಲಿ, 46 ಡಿಗ್ರಿವರೆಗೂ ಚೆನ್ನಾಗಿ ಬೆಳೆಯುತ್ತದೆ. ಮೈಗೆ ತಾಗಿದರೆ, ನುಂಗಿದರೆ ಅದು ಏನೂ ಮಾಡುವುದಿಲ್ಲ. ಮೂಗಿನೊಳಗೆ ನೀರು ನುಗ್ಗಿದಾಗ ಮಾತ್ರ ಮಿದುಳಿಗೆ ಏರುತ್ತದೆ. ಬಹಳ ಅಪರೂಪದ ಕಾಯಿಲೆ, ಆದರೆ ಬಂದರೆ ಬದುಕುಳಿಯುವವರು ತೀರಾ ಕಡಿಮೆ. ಮಕ್ಕಳು ಮುಳುಗುತ್ತಾರೆ, ನೀರು ಎರಚುತ್ತಾರೆ, ಹಾಗಾಗಿ ಅವರಿಗೇ ಅಪಾಯ ಹೆಚ್ಚು. ಅಪ್ಪನೂ ಸೇರಿ ದೊಡ್ಡವರು ಕೂಡ ತಲೆ ಮುಳುಗಿಸುವುದು, ಆ ನೀರನ್ನು ಮೂಗಿಗೆ ಎಳೆಯುವುದು ಬೇಡ. ಇಂಥ ನೀರಿನಲ್ಲಿ ಮುಳುಗಿ ಬಂದ ಎರಡು ವಾರದೊಳಗೆ ಜೋರು ಜ್ವರ, ವಿಪರೀತ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಾಣಿಸಿದರೆ ದೊಡ್ಡ ಆಸ್ಪತ್ರೆಗೆ ಓಡಿ, ಬಿಸಿನೀರಿನ ಕುಂಡಕ್ಕೆ ಹೋಗಿದ್ದೆವು ಎಂದು ಡಾಕ್ಟರಿಗೆ ಮೊದಲೇ ತಿಳಿಸಿ.